ಪುರುಷ ಬಂಜೆತನ: ಪರೀಕ್ಷೆ ಮೊದಲು, ವೆಚ್ಚ ನಂತರ

ನಂತೂರಿನಿಂದ ಕುಲಶೇಖರದತ್ತ ಸಾಗುವ ಹೆದ್ದಾರಿಯ ಬದಿಯಲ್ಲಿರುವ ಬಿಕರ್ನಕಟ್ಟೆಯ ಬಾಲಯೇಸು ಪುಣ್ಯಕ್ಷೇತ್ರಕ್ಕೆ ಮತಭೇದವಿಲ್ಲದೆ ಜನರು ಬರುತ್ತಾರೆ. ಸಂತಾನಭಾಗ್ಯ ಬೇಡುವ ದಂಪತಿಗಳೂ ಅವರಲ್ಲಿರುತ್ತಾರೆ. ಪ್ರಾರ್ಥನೆಗೆ ಪತಿಪತ್ನಿಯರು ಜೊತೆಯಾಗಿ ನಿಲ್ಲುತ್ತಾರೆ. ವೈದ್ಯರ ಬಳಿಗೆ ಮಾತ್ರ ಪತ್ನಿಯೊಬ್ಬಳನ್ನೇ ಕಳುಹಿಸುವ ರೂಢಿ ಸಮಾಜದಲ್ಲಿ ಇನ್ನೂ ಉಳಿದಿದೆ. ಈ ರೂಢಿಯಿಂದಾಗಿ ಕುಟುಂಬಗಳು ಹಣವನ್ನೂ ಅಮೂಲ್ಯ ವರ್ಷಗಳನ್ನೂ ಕಳೆದುಕೊಳ್ಳುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯಂತೆ ಜಗತ್ತಿನ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಜೀವನದಲ್ಲೊಮ್ಮೆ ಬಂಜೆತನ ಎದುರಾಗುತ್ತದೆ. ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ತೊಂದರೆಗೂ ಪಾಲಿದೆ.

ಮೊದಲ ಹೆಜ್ಜೆ

ವೀರ್ಯಪರೀಕ್ಷೆ ಸರಳವಾದುದು, ಚಿಕಿತ್ಸೆಗೆ ಹೋಲಿಸಿದರೆ ಅದರ ಖರ್ಚು ಅತ್ಯಲ್ಪ. ಒಂದು ಮಿಲಿಲೀಟರಿನಲ್ಲಿ 1.6 ಕೋಟಿ ವೀರ್ಯಾಣುಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಕನಿಷ್ಠ ಮಾನದಂಡವಾಗಿ ನೀಡಿದೆ. ಅದಕ್ಕಿಂತ ಕಡಿಮೆಯಿದ್ದ ಮಾತ್ರಕ್ಕೆ ಸಂತಾನ ಅಸಾಧ್ಯವೆಂದಲ್ಲ. ವೀರ್ಯಾಣು ಬೆಳೆಯಲು ಸುಮಾರು ಎರಡೂವರೆ ತಿಂಗಳು ಬೇಕಾಗುವುದರಿಂದ ಸುಧಾರಣೆ ಕಾಣಲು ಮೂರು ತಿಂಗಳಾದರೂ ಕಾಯಬೇಕು. ವೃಷಣದ ರಕ್ತನಾಳಗಳ ಊತ, ನಾಳದ ಅಡಚಣೆ, ಹಾರ್ಮೋನುಗಳ ಏರುಪೇರು, ಧೂಮಪಾನ ಮುಖ್ಯ ಕಾರಣಗಳು. ದೇಹದಾರ್ಢ್ಯಕ್ಕಾಗಿ ಪಡೆಯುವ ಟೆಸ್ಟೋಸ್ಟಿರೋನ್ ಚುಚ್ಚುಮದ್ದು ವೀರ್ಯಾಣು ಉತ್ಪಾದನೆಯನ್ನೇ ಕುಗ್ಗಿಸುತ್ತದೆ. ಕುಲುಮೆ, ಬಾಯ್ಲರ್‌ಗಳ ಬಳಿ ದೀರ್ಘಕಾಲ ದುಡಿಯುವವರಿಗೆ ಅತಿ ಉಷ್ಣತೆಯೂ ಹಾನಿಕರವಾಗಬಹುದು.

ಇಕ್ಸಿ ವಿಧಾನ

ದೋಷ ಅಲ್ಪವಿದ್ದಲ್ಲಿ ಸಂಸ್ಕರಿಸಿದ ವೀರ್ಯವನ್ನು ನೇರವಾಗಿ ಗರ್ಭಾಶಯಕ್ಕೆ ಸೇರಿಸಲಾಗುತ್ತದೆ. ತೀವ್ರ ದೋಷಕ್ಕೆ ‘ಇಕ್ಸಿ’ ವಿಧಾನವಿದೆ. ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುವ ಈ ವಿಧಾನದಿಂದಾದ ಗರ್ಭಧಾರಣೆಗಳನ್ನು ಬ್ರಸೆಲ್ಸ್‌ನಲ್ಲಿ ಜಾನ್‌ಪಿಯೆರೊ ಪಲೆರ್ಮೊ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದರು. ವೀರ್ಯದಲ್ಲಿ ವೀರ್ಯಾಣುವೇ ಇಲ್ಲದಿದ್ದರೂ ಹಲವರಲ್ಲಿ ವೃಷಣದಿಂದಲೇ ಅದನ್ನು ಪಡೆಯಬಹುದು. ಆದರೆ ದೋಷ ಪುರುಷನದಾದರೂ ಚುಚ್ಚುಮದ್ದು, ಅಂಡಾಣು ತೆಗೆಯುವ ಪ್ರಕ್ರಿಯೆಗಳ ನೋವು ಸ್ತ್ರೀಯ ಪಾಲಿನದು. ಯಶಸ್ಸಿಗೆ ಖಾತರಿಯಿಲ್ಲ, ಸ್ತ್ರೀಯ ವಯಸ್ಸು ನಿರ್ಣಾಯಕ. ವೈ ವರ್ಣತಂತುವಿನ ದೋಷವಿದ್ದಲ್ಲಿ ಅದು ಮಗನಿಗೂ ದಾಟುವುದರಿಂದ ತೀವ್ರ ಕೊರತೆಯಿರುವವರಿಗೆ ಮುಂಚಿತವಾಗಿ ವಂಶವಾಹಿ ಪರೀಕ್ಷೆ ಅಪೇಕ್ಷಣೀಯ.

ಕಾನೂನು ಮತ್ತು ತೆರಿಗೆ

ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯಿದೆ, 2021, ಜನವರಿ 2022ರಿಂದ ಜಾರಿಗೆ ಬಂದಿದೆ. ಚಿಕಿತ್ಸಾಲಯಗಳಿಗೂ ವೀರ್ಯ ಬ್ಯಾಂಕುಗಳಿಗೂ ನೋಂದಣಿ ಕಡ್ಡಾಯ. ಅದರ ಅವಧಿ ಐದು ವರ್ಷ. ಚಿಕಿತ್ಸೆ ಪಡೆಯುವ ಸ್ತ್ರೀಗೆ ಗರಿಷ್ಠ 50, ಪುರುಷನಿಗೆ 55 ವರ್ಷಗಳ ಮಿತಿಯಿದೆ. ಈ ಸೇವೆಗಳು ಆರೋಗ್ಯಸೇವೆಯ ವ್ಯಾಪ್ತಿಗೆ ಸೇರಿದ್ದು, ಜಿಎಸ್‌ಟಿಯಿಂದ ವಿನಾಯಿತಿ ಹೊಂದಿವೆಯೆಂದು ಆಗಸ್ಟ್ 2022ರ ಸುತ್ತೋಲೆ ಸ್ಪಷ್ಟಪಡಿಸಿದೆ. ಆದರೆ ಹಲವು ಆರೋಗ್ಯ ವಿಮೆಗಳು ಬಂಜೆತನ ಚಿಕಿತ್ಸೆಯನ್ನು ಹೊರಗಿಡುತ್ತವೆ. ಹೀಗಾಗಿ ವೆಚ್ಚವು ಬಹುಪಾಲು ಉಳಿತಾಯದಿಂದಲೋ ಸಾಲದಿಂದಲೋ ಬರಬೇಕಾಗುತ್ತದೆ.

ಉದ್ಯಮ ಸಂಸ್ಥೆಗಳು ಸಮೂಹ ವಿಮೆಯನ್ನು ನವೀಕರಿಸುವಾಗ ಈ ಅಂಶವನ್ನು ಪರಿಶೀಲಿಸಬಹುದು. ತಪಾಸಣೆಗೆ ಹೋಗುವ ನೌಕರನಿಗೆ ಕಾರಣ ಕೆದಕದೆ ರಜೆ ನೀಡಬಹುದು. ದಂಪತಿಗಳಾದರೋ, ಮುಂಗಡ ಪಾವತಿಸುವ ಮೊದಲು ಚಿಕಿತ್ಸಾಲಯದ ನೋಂದಣಿಯನ್ನೂ ಪೂರ್ಣ ವೆಚ್ಚದ ಲಿಖಿತ ವಿವರವನ್ನೂ ಕೇಳಿ ಪಡೆಯಬೇಕು. ಅದಕ್ಕೂ ಮೊದಲು ಪತಿಯ ಪರೀಕ್ಷೆ ನಡೆಯಲಿ.