ನಾಲ್ಕು ಜನರ ನಡುವೆ

'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಒಂದೇ ಸೂರಿನಡಿ ಬಾಳುವವರಲ್ಲಿ ಮಾತಿಗೆ ಮಾತು ಬೆಳೆಯುವುದು ಸಹಜ; ಹೊತ್ತು ಮುಳುಗಿ ಊಟ ಮುಗಿಯುವಷ್ಟರಲ್ಲಿ ಆ ಮುನಿಸು ಕರಗುವುದೂ ಸಹಜ. ಇಂತಹ ಮುನಿಸುಗಳಲ್ಲಿ ಹೊರಗಿನವರು ತಲೆ ಹಾಕಬಾರದೆಂಬುದೇ ಗಾದೆಯ ಇಂಗಿತ. ಅದರಲ್ಲಿ ವಿವೇಕವಿದೆ. ಆದರೆ ಮಾತಿನ ಜಗಳಕ್ಕೆ ಸಲ್ಲುವ ಈ ಗಾದೆಯನ್ನು ನಾವು ಹೊಡೆತ ಬಡಿತಗಳಿಗೂ ಅನ್ವಯಿಸಿಬಿಟ್ಟಿದ್ದೇವೆ. ಕಣ್ಣೆದುರಿಗೆ ಒಬ್ಬರು ಏಟು ತಿನ್ನುತ್ತಿದ್ದರೂ 'ಅದು ಅವರ ಮನೆಯ ವಿಷಯ' ಎಂದು ಮುಖ ತಿರುಗಿಸಲು ಅದನ್ನೊಂದು ನೆಪವಾಗಿ ಮಾಡಿಕೊಂಡಿದ್ದೇವೆ. ಹಾಗೆ ಮುಖ ತಿರುಗಿಸಿದವರಲ್ಲಿ ನಾನೂ ಒಬ್ಬ.

ನಾನು ಅಧ್ಯಾಪಕನಾಗಿದ್ದ ದಿನಗಳ ಮಾತು. ಒಂದು ಬೇಸಿಗೆಯ ಮಧ್ಯಾಹ್ನ ತಾಲ್ಲೂಕು ಕೇಂದ್ರವೊಂದರ ಬಸ್ ನಿಲ್ದಾಣದಲ್ಲಿ ಕುಳಿತಿದ್ದೆ. ಕೆಲವೇ ಮಾರು ದೂರದಲ್ಲಿ ಒಬ್ಬ ಯುವಕ, ಅವನ ಹೆಂಡತಿ, ಅವಳ ಕಂಕುಳಲ್ಲಿ ಒಂದು ಮಗು. ಹಣದ ವಿಚಾರವಾಗಿ ಅವರಲ್ಲಿ ಮಾತು ಏರಿತು. ನೋಡನೋಡುತ್ತಿದ್ದಂತೆಯೇ ಅವನು ಅವಳ ಕೆನ್ನೆಗೆ ಹೊಡೆದ, ಮತ್ತೊಮ್ಮೆ ಹೊಡೆದ. ಮಗು ಚೀರಿತು. ನಿಲ್ದಾಣದಲ್ಲಿ ನಲವತ್ತು ಮಂದಿಯಾದರೂ ಇದ್ದೆವು. ಎಲ್ಲರೂ ನೋಡಿದೆವು, ಯಾರೊಬ್ಬರೂ ಏಳಲಿಲ್ಲ. ಹಿಂದಿನ ದಿನವಷ್ಟೇ ತರಗತಿಯಲ್ಲಿ ಧೈರ್ಯವನ್ನು ಕುರಿತು ಪಾಠ ಹೇಳಿದ್ದ ನಾನು, ಕೈಯಲ್ಲಿದ್ದ ದಿನಪತ್ರಿಕೆಯನ್ನು ಇನ್ನಷ್ಟು ಮೇಲಕ್ಕೆತ್ತಿ ಹಿಡಿದೆ.

ಆಗ ಎದ್ದವಳು ಕಂಬದ ಬುಡದಲ್ಲಿ ಹೂ ಮಾರುತ್ತಿದ್ದ ಒಬ್ಬ ಮುದುಕಿ. ಆಕೆ ಕೂಗಾಡಲಿಲ್ಲ, ಯಾರನ್ನೂ ಬೈಯಲಿಲ್ಲ. ನೇರವಾಗಿ ಆ ಹೆಣ್ಣುಮಗಳ ಬಳಿಗೆ ಹೋಗಿ, "ಕೂಸಿಗೆ ಬಾಯಾರಿದೆ ಕಣವ್ವಾ. ಬಾ, ಇಲ್ಲಿ ನೆಳ್ಳಲ್ಲಿ ಕೂತ್ಕೊ, ನೀರು ಕೊಡ್ತೀನಿ" ಎಂದು ಕೈ ಹಿಡಿದಳು. ಬಳಿಕ ಯುವಕನತ್ತ ತಿರುಗಿ, "ಮಗಾ, ನಿಮ್ಮ ಬಸ್ಸು ಎಷ್ಟೊತ್ತಿಗೆ? ಹೋಗಿ ಕೇಳ್ಕೊಂಡು ಬಾರಪ್ಪಾ" ಎಂದಳು. ಎತ್ತಿದ್ದ ಕೈ ಕೆಳಗಿಳಿಯಿತು. ಅವನು ತುಸು ಹೊತ್ತು ಪೆಚ್ಚಾಗಿ ನಿಂತಿದ್ದು, ವಿಚಾರಣೆಯ ಕಿಟಕಿಯತ್ತ ನಡೆದ. ಬಸ್ಸು ಬರುವವರೆಗೂ ಮುದುಕಿ ಆ ತಾಯಿ ಮಗುವಿನ ಪಕ್ಕದಿಂದ ಕದಲಲಿಲ್ಲ.

ನಾವು ನಲವತ್ತು ಮಂದಿ ಕಲ್ಲೆದೆಯವರಾಗಿದ್ದೆವೇ? ಹಾಗೇನೂ ಇಲ್ಲ. 'ಇಷ್ಟು ಜನರಿರುವಾಗ ಯಾರಾದರೂ ಹೋಗುತ್ತಾರೆ' ಎಂದು ಪ್ರತಿಯೊಬ್ಬರೂ ಭಾವಿಸಿದ್ದೆವು. ಇಂತಹ ಮೌನವನ್ನು ಮನೋವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದಾರೆ. 1968ರಲ್ಲಿ ಅಮೆರಿಕದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ವಿದ್ವಾಂಸರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ಯಂತ್ರದ ಮೂಲಕ ಮಾತನಾಡುತ್ತಿದ್ದ ವಿದ್ಯಾರ್ಥಿಗಳಿಗೆ, ತಮ್ಮಲ್ಲೊಬ್ಬನಿಗೆ ಮೂರ್ಛೆ ಬಂದಂತೆ ಧ್ವನಿ ಕೇಳಿಸುವ ಏರ್ಪಾಡು ಅದು. ತಾನೊಬ್ಬನೇ ಆ ಧ್ವನಿಯನ್ನು ಕೇಳುತ್ತಿರುವೆನೆಂದು ನಂಬಿದವರಲ್ಲಿ ನೂರಕ್ಕೆ 85 ಮಂದಿ ಅದು ನಿಲ್ಲುವುದರೊಳಗೆ ನೆರವು ಅರಸಿ ಹೊರಟರು. ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ನಂಬಿದವರಲ್ಲಿ ಹಾಗೆ ಹೊರಟವರು ನೂರಕ್ಕೆ 31 ಮಂದಿ ಮಾತ್ರ. ಹೊಣೆ ಹಂಚಿಹೋದಂತೆ ತೆಳುವಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

1976ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ನಮ್ಮ ವಿಷಯಕ್ಕೆ ಮತ್ತಷ್ಟು ಹತ್ತಿರವಾದುದು. ಲ್ಯಾನ್ಸ್ ಶಾಟ್‌ಲೆಂಡ್ ಮತ್ತು ಮಾರ್ಗರೆಟ್ ಸ್ಟ್ರಾ ಎಂಬುವರು ಗಂಡಸೊಬ್ಬ ಹೆಂಗಸಿನ ಮೇಲೆ ಕೈ ಮಾಡುವ ದೃಶ್ಯವನ್ನು ನಟರಿಂದ ಆಡಿಸಿದರು. ನೋಡುವವರಿಗೆ ಅದು ನಟನೆಯೆಂದು ತಿಳಿದಿರಲಿಲ್ಲ. ಆಕೆ 'ನೀನು ಯಾರೋ ನನಗೆ ಗೊತ್ತಿಲ್ಲ' ಎಂದು ಕೂಗಿದಾಗ ನೂರಕ್ಕೆ 65 ಮಂದಿ ಅಡ್ಡ ಬಂದರು. 'ನಿನ್ನನ್ನು ಯಾಕಾದರೂ ಮದುವೆಯಾದೆನೋ' ಎಂದು ಕೂಗಿದಾಗ ಬಂದವರು ನೂರಕ್ಕೆ 19 ಮಂದಿ. ಏಟು ಅದೇ, ಚೀತ್ಕಾರವೂ ಅದೇ; ನಡುವೆ ಮದುವೆಯೆಂಬ ಒಂದು ಮಾತು ಬಂದೊಡನೆ ನೋಡುವವರ ಕಾಲು ಕಟ್ಟಿಹೋಯಿತು. ಇದರರ್ಥ, ನಮ್ಮ ಗಾದೆಯನ್ನು ಕೇಳಿಯೇ ಇರದ ನಾಡಿನವರೂ ಅದರಂತೆಯೇ ನಡೆಯುತ್ತಾರೆ ಎಂದಲ್ಲವೇ?

ಆದರೆ ಗಂಡನ ಕೈಯ ಏಟು ಅಪರಿಚಿತನ ಏಟಿಗಿಂತ ಹಗುರವೇನೂ ಅಲ್ಲ. ಅಪರಿಚಿತನಿಂದ ತಪ್ಪಿಸಿಕೊಂಡವಳು ಮನೆ ಸೇರಿ ಬಾಗಿಲು ಹಾಕಿಕೊಳ್ಳಬಹುದು. ಮನೆಯವನಿಂದಲೇ ಏಟು ತಿಂದವಳು ಅದೇ ಬಾಗಿಲೊಳಗೆ ಅವನೊಡನೆಯೇ ಹೋಗಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 44 ಮಂದಿ ಒಮ್ಮೆಯಾದರೂ ಗಂಡನಿಂದ ಹಿಂಸೆಗೆ ಒಳಗಾದವರು. ದೇಶದಲ್ಲಿ ಹಿಂಸೆ ಅನುಭವಿಸಿದ ಮಹಿಳೆಯರ ಪೈಕಿ ನೆರವು ಕೇಳಿದವರು ನೂರಕ್ಕೆ 14 ಮಂದಿ ಮಾತ್ರವೆಂದು ಅದೇ ಸಮೀಕ್ಷೆ ತಿಳಿಸುತ್ತದೆ. ಕೇಳದಿರುವವರಿಗೆ ನೆರವು ಬೇಡವೆಂದಲ್ಲ. ಕೇಳಲು ಬಾಯಿ ಬಾರದು, ಅಷ್ಟೆ. 'ನಾಲ್ಕು ಜನ ಏನೆಂದಾರು' ಎಂಬ ಅಳುಕು ಅವರ ಬಾಯಿ ಕಟ್ಟಿರುತ್ತದೆ.

ಹಾಗಾದರೆ ನೋಡಿದವರು ಮಾಡಬೇಕಾದುದೇನು? ಓಡಿಹೋಗಿ ಹೊಡೆದಾಟಕ್ಕೆ ನಿಲ್ಲುವುದೇ? ಖಂಡಿತವಾಗಿಯೂ ಅಲ್ಲ. ಸಿಟ್ಟಿನಲ್ಲಿರುವವನನ್ನು ಹತ್ತು ಜನರೆದುರು ಹೀಯಾಳಿಸಿದರೆ, ಆ ಅವಮಾನದ ಸೇಡನ್ನು ಅವನು ಮನೆಯಲ್ಲಿ ಹೆಂಡತಿಯ ಮೇಲೆ ತೀರಿಸಿಕೊಳ್ಳಬಹುದು. ಆದ್ದರಿಂದ ನಮ್ಮ ಗುರಿ ಅವನನ್ನು ಸೋಲಿಸುವುದಲ್ಲ; ಆ ಕ್ಷಣದ ಏಟನ್ನು ನಿಲ್ಲಿಸುವುದು, ಏಟು ತಿಂದವರನ್ನು ಒಂಟಿಯಾಗಿಸದಿರುವುದು. ಹೂವಿನ ಮುದುಕಿ ಮಾಡಿದ್ದೂ ಇದನ್ನೇ. ನೀರಿನ ನೆಪ, ಬಸ್ಸಿನ ನೆಪ ಮುಂದೊಡ್ಡಿ ಆಕೆ ಕೋಪದ ಎಳೆಯನ್ನು ಕಡಿದಳು. 2008ರಲ್ಲಿ ಭಾರತದಲ್ಲಿ ನಡೆದ 'ಬೆಲ್ ಬಜಾವೊ' ಎಂಬ ಪ್ರಚಾರಾಂದೋಲನವೂ ಇದೇ ಉಪಾಯವನ್ನು ಸಾರಿತು. ಪಕ್ಕದ ಮನೆಯಲ್ಲಿ ಹೊಡೆತದ ಸದ್ದು ಕೇಳಿದರೆ ಕರೆಗಂಟೆ ಒತ್ತಿ, ಒಂದಿಷ್ಟು ಹಾಲು ಬೇಕೆಂದಾದರೂ ಕೇಳಿರಿ ಎಂಬುದು ಅದರ ಸಂದೇಶ.

ಒಬ್ಬರೇ ಮುಂದಾಗುವುದು ಅಪಾಯವೆನಿಸಿದರೆ ಜೊತೆಗಾರರನ್ನು ಮಾಡಿಕೊಳ್ಳಬೇಕು. ಗುಂಪನ್ನು ನೋಡಿ 'ಯಾರಾದರೂ ಬನ್ನಿ' ಎಂದರೆ ಯಾರೂ ಬರಲಾರರು. 'ನೀಲಿ ಅಂಗಿಯವರೇ, ನೀವು ಬನ್ನಿ. ಕಂಡಕ್ಟರ್ ಅವರೇ, ಪೊಲೀಸರಿಗೆ ಫೋನ್ ಮಾಡಿ' ಎಂದು ಒಬ್ಬೊಬ್ಬರನ್ನೇ ಗುರುತಿಸಿ ಕರೆದರೆ ಹಂಚಿಹೋಗಿದ್ದ ಹೊಣೆ ಮತ್ತೆ ಒಟ್ಟುಗೂಡುತ್ತದೆ. ಪೊಲೀಸರ ನೆರವಿಗೆ 112, ಮಕ್ಕಳ ರಕ್ಷಣೆಗೆ 1098, ಮಹಿಳೆಯರ ನೆರವಿಗೆ 181 ಎಂಬ ದೂರವಾಣಿ ಸಂಖ್ಯೆಗಳಿವೆ. ಕೈಯಲ್ಲಿ ಆಯುಧವಿದ್ದರೆ ಅಥವಾ ಕುಡಿದ ಅಮಲಿದ್ದರೆ ಹತ್ತಿರ ಹೋಗದೆ ದೂರದಿಂದಲೇ ಕರೆ ಮಾಡುವುದು ಜಾಣತನ. ನಿಮ್ಮ ವಯಸ್ಸಿನವರು ದೊಡ್ಡವರ ಜಗಳದ ನಡುವೆ ನುಗ್ಗಬಾರದು. ಹಿರಿಯರೊಬ್ಬರನ್ನು ಎಬ್ಬಿಸಿ ಕರೆತರುವುದೇ ನಿಮ್ಮ ಕರ್ತವ್ಯ. ಇನ್ನೊಬ್ಬರ ಸಂಕಟವನ್ನು ಮೊಬೈಲಿನಲ್ಲಿ ಚಿತ್ರಿಸಿ ಊರಿಗೆಲ್ಲ ಹಂಚುವುದಂತೂ ನೆರವೇ ಅಲ್ಲ. ಅದು ಗಾಯದ ಮೇಲೆ ಎಳೆದ ಬರೆ.

ತಾಯಿಯೋ ತಂದೆಯೋ ಬೇಸತ್ತು ಮಗುವನ್ನು ಬಡಿಯುತ್ತಿದ್ದಾಗಲೂ ಇದೇ ಮಾತು. 'ಮಗು ತುಂಬಾ ಹಟ ಮಾಡುತ್ತಿದೆಯಲ್ಲವೇ? ಸ್ವಲ್ಪ ಹೊತ್ತು ನಾನು ನೋಡಿಕೊಳ್ಳಲೇ?' ಎಂಬ ಮೃದುವಾದ ಪ್ರಶ್ನೆ, ಗದರಿಕೆಗಿಂತ ಬೇಗನೆ ಕೈಯನ್ನು ತಡೆಯಬಲ್ಲದು. ಗಲಾಟೆ ತಣ್ಣಗಾದ ಮೇಲೂ ಕೆಲಸ ಮುಗಿಯದು. ಏಟು ತಿಂದವರನ್ನು ಮೆಲ್ಲಗೆ, ಹೊಡೆದವರ ಕಿವಿಗೆ ಬೀಳದಂತೆ, 'ನಿಮಗೇನು ಬೇಕು? ಯಾರಿಗಾದರೂ ತಿಳಿಸಲೇ?' ಎಂದು ಕೇಳಬೇಕು. ಅವರು ಬೇಡವೆಂದರೆ ಉಪದೇಶಕ್ಕೆ ತೊಡಗಬಾರದು. ತಮ್ಮ ಬದುಕಿನ ಅಪಾಯವನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು.

'ಸಾಕ್ಷಿಯೆಂದು ಕೋರ್ಟಿಗೆ ಅಲೆಯಬೇಕಾದೀತು' ಎಂದು ಹೆದರುವವರುಂಟು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಗಾಗಿ 2005ರಲ್ಲಿ ಒಂದು ಕಾಯ್ದೆಯಾಗಿ, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರಂತೆ, ಹಿಂಸೆ ನಡೆಯುತ್ತಿದೆಯೆಂದು ನಂಬಲು ಕಾರಣವಿರುವ ಯಾವ ವ್ಯಕ್ತಿಯೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವನೆಯಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬೀಳದು. ಅಂದರೆ, ಹೆಂಡತಿಗೆ ಬೀಳುವ ಏಟು ಕೇವಲ ಮನೆಯ ವಿಷಯವಲ್ಲವೆಂದು ನಾಡಿನ ಶಾಸನವೇ ಹೇಳಿದಂತಾಯಿತು.

ಮನುಷ್ಯರ ಬಗೆಗೆ ನಿರಾಶರಾಗಬೇಕಾದ ಕಾರಣವೂ ಇಲ್ಲ. ಇಂಗ್ಲೆಂಡಿನ ಲ್ಯಾಂಕಾಸ್ಟರ್, ನೆದರ್ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮ್, ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರಗಳ ಬೀದಿಗಳಲ್ಲಿ ಕ್ಯಾಮೆರಾಗಳು ಸೆರೆಹಿಡಿದಿದ್ದ 219 ಜಗಳಗಳನ್ನು ಸಂಶೋಧಕರು ಪರಿಶೀಲಿಸಿ 2019ರಲ್ಲಿ ವರದಿ ಮಾಡಿದರು. ಹತ್ತರಲ್ಲಿ ಒಂಬತ್ತು ಜಗಳಗಳಲ್ಲಿ ಕನಿಷ್ಠ ಒಬ್ಬರಾದರೂ ಅಡ್ಡ ಬಂದಿದ್ದರು. ಅವರು ಮಾಡಿದ್ದಾದರೂ ಏನು? ಸಮಾಧಾನದ ಸನ್ನೆ, ತೋಳು ಹಿಡಿದು ಹಿಂದಕ್ಕೆ ಸೆಳೆಯುವುದು, ನೊಂದವರಿಗೆ ಸಾಂತ್ವನ. ಇಂತಹ ಸಣ್ಣ ಕೆಲಸಗಳು. ಮೊದಲ ಒಬ್ಬರು ಎದ್ದು ನಿಲ್ಲುವುದಷ್ಟೇ ಕಷ್ಟ.

'ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು' ಎಂಬ ಇನ್ನೊಂದು ಗಾದೆಯೂ ನಮ್ಮಲ್ಲಿದೆ. ಮೊದಲನೆಯ ಗಾದೆಯನ್ನು ನೆನೆದು ಸುಮ್ಮನೆ ಕುಳಿತ ನಲವತ್ತು ಮಂದಿಯ ನಡುವೆ, ಆ ಮುದುಕಿಯೊಬ್ಬಳಿಗೆ ಕೂಸು ಕಂಡಿತ್ತು. ಏಟು ತಿಂದವರು ಅಳುಕುವ 'ನಾಲ್ಕು ಜನ' ಬೇರೆ ಯಾರೂ ಅಲ್ಲ, ನಾವೇ. ಆ ನಾಲ್ವರಲ್ಲಿ ಒಬ್ಬರಾದರೂ ಎದ್ದು ಒಂದು ಲೋಟ ನೀರು ಹಿಡಿದು ಹತ್ತಿರ ಹೋದರೆ, ನಾಲ್ಕು ಜನರ ನಡುವೆ ಇರುವುದು ಅಂಜಿಕೆಯ ಮಾತಾಗದೆ ಆಸರೆಯ ಮಾತಾದೀತು.