ಕಾಂಡ್ಲಾವನದ ಕಾಣದ ಸಮುದಾಯ

ಠಾಣೆ ಖಾರಿಯ ದಂಡೆಯಲ್ಲಿ, ವಿಕ್ರೋಲಿ–ಭಾಂಡುಪಗಳ ಬದಿಗೆ, ಉಬ್ಬರವಿಳಿತಗಳ ನಡುವೆ ಬೆಳೆದ ಗಿಡಗಳನ್ನು ಮರಾಠಿಯವರು ‘ತಿವರ’ ಎನ್ನುತ್ತಾರೆ. ಕುಂದಾಪುರ, ಹೊನ್ನಾವರಗಳ ಕಡೆಯಿಂದ ಮುಂಬಯಿಗೆ ಬಂದು ನೆಲೆಸಿದ ಕನ್ನಡಿಗರಿಗೆ ಅವು ಊರಿನ ಅಳಿವೆಬಾಯಿಯ ಕಾಂಡ್ಲಾ ಗಿಡಗಳ ಬಳಗವೇ. ಗಿಡವನ್ನು ಒಂಟಿ ಜೀವವೆಂದು ಎಣಿಸುವುದು ರೂಢಿ. ವಾಸ್ತವವಾಗಿ ಅದರ ಎಲೆ, ತೊಗಟೆ, ಬೇರುಗಳಲ್ಲಿಯೂ ಬುಡದ ಕೆಸರಿನಲ್ಲಿಯೂ ಅಸಂಖ್ಯ ಬ್ಯಾಕ್ಟೀರಿಯಾಗಳು, ಶಿಲೀಂಧ್ರಗಳು ನೆಲೆಸಿರುತ್ತವೆ. ಗಿಡದ ಏಳುಬೀಳುಗಳು ಇವುಗಳ ಪರಸ್ಪರ ಸಂಬಂಧವನ್ನೂ ಅವಲಂಬಿಸಿವೆ.

ಉದುರಿದ ಒಂದು ಎಲೆಯನ್ನೇ ಗಮನಿಸಬಹುದು. ನೀರಿಗೆ ಬಿದ್ದ ಎಲೆಯಿಂದ ಮೊದಲು ಒಗರಾದ ಟ್ಯಾನಿನ್ ಮುಂತಾದವು ಸೋರಿಹೋಗುತ್ತವೆ. ಶಿಲೀಂಧ್ರವು ನೂಲಿನಂತಹ ತನ್ನ ಎಳೆಗಳನ್ನು ಎಲೆಯೊಳಕ್ಕೆ ಚಾಚಿ ಗಡುಸಾದ ನಾರನ್ನು ಸಡಿಲಿಸುತ್ತದೆ. ಹಾಗೆ ತೆರೆದ ದಾರಿಯಲ್ಲಿ ಬ್ಯಾಕ್ಟೀರಿಯಾಗಳು ಒಳಸೇರಿ, ಬಿಡುಗಡೆಯಾದ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ಕೊಳೆಯುವ ಎಲೆಯಲ್ಲಿ ಸಾರಜನಕದ ಪಾಲು ಏರಿ, ಅದು ಏಡಿ, ಸಿಗಡಿಗಳಿಗೆ ಪುಷ್ಟಿಯಾದ ಆಹಾರವಾಗುತ್ತದೆ. ಆದರೆ ಇವೇ ಜೊತೆಗಾರರು ಆಹಾರಕ್ಕಾಗಿ ಸೆಣಸುವುದೂ, ಪ್ರತಿಜೈವಿಕಗಳನ್ನು ಸ್ರವಿಸಿ ಒಂದನ್ನೊಂದು ತಡೆಯುವುದೂ ಉಂಟು. ಗಾಳಿಯಾಡದ ಆಳದ ಕೆಸರಿನಲ್ಲಿ ಬಹುಪಾಲು ಶಿಲೀಂಧ್ರಗಳು ಹಿಂದೆ ಸರಿಯುತ್ತವೆ. ಅಲ್ಲಿ ಸಲ್ಫೇಟನ್ನು ಅವಲಂಬಿಸಿ ಬದುಕುವ ಬ್ಯಾಕ್ಟೀರಿಯಾಗಳದೇ ಮೇಲುಗೈ. ಕೆಸರು ಕಲಕಿದಾಗ ಬರುವ ಕೊಳೆತ ಮೊಟ್ಟೆಯ ವಾಸನೆ ಅವುಗಳ ಕುರುಹು.

ಕಾಂಡ್ಲಾವನದ ಆಚೆಗೆ, ಹೊಲದ ಗಿಡಗಳ ಬೇರುಗಳಲ್ಲಿಯೂ ಇಂತಹ ನಂಟು ಕಂಡುಬಂದಿದೆ. ಬೇರು ಮತ್ತು ಶಿಲೀಂಧ್ರಗಳ ಕೂಡಿಕೆಗೆ ಜರ್ಮನಿಯ ಫ್ರಾಂಕ್ 1885ರಲ್ಲಿ ‘ಮೈಕೊರೈಜಾ’ ಎಂದು ಹೆಸರಿಟ್ಟರು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಡಿ. ಜೆ. ಭಾಗ್ಯರಾಜ್ ಅವರು ಅಮೆರಿಕದ ಸಹಸಂಶೋಧಕರೊಡನೆ 1978ರಲ್ಲಿ ಪ್ರಕಟಿಸಿದ ಅಧ್ಯಯನವು ಟೊಮೆಟೊ ಗಿಡವನ್ನು ಕುರಿತದ್ದು. ಬೇರಿನ ಶಿಲೀಂಧ್ರವು ಅಜಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸಂಖ್ಯೆಯನ್ನು ಹೆಚ್ಚು ಕಾಲ ಕಾಯ್ದಿತು. ಆ ಬ್ಯಾಕ್ಟೀರಿಯಾ ಬೇರಿನಲ್ಲಿ ಶಿಲೀಂಧ್ರವು ಹರಡಲು ನೆರವಾಯಿತು.

ಈ ನಂಟು ಯಾವಾಗಲೂ ಗಿಡಕ್ಕೆ ಹಿತವೆಂದಲ್ಲ. ಭತ್ತದ ಸಸಿಯನ್ನು ಬಾಡಿಸುವ ವಿಷವನ್ನು ರೈಜೋಪಸ್ ಶಿಲೀಂಧ್ರವೇ ತಯಾರಿಸುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಅದರ ಎಳೆಯೊಳಗೆ ಅಡಗಿರುವ ಬ್ಯಾಕ್ಟೀರಿಯಾವೇ ನಿಜವಾದ ತಯಾರಕನೆಂದು 2005ರಲ್ಲಿ ಸಿದ್ಧವಾಯಿತು. ಮಿತ್ರ, ಶತ್ರು ಎಂಬ ನಮ್ಮ ಪದಗಳು ಇಲ್ಲಿ ಸಾಲವು. ಸ್ಥಳ, ಕಾಲ, ಆಹಾರಗಳಿಗೆ ತಕ್ಕಂತೆ ಸಂಬಂಧದ ಅರ್ಥವೇ ಬದಲಾಗುತ್ತದೆ.

ಅದೇ 2005ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಕಾಂಡ್ಲಾವನಗಳ ನಾಶಕ್ಕೆ ತಡೆಯೊಡ್ಡಿತು. ಆದರೂ ರಸ್ತೆ, ರೈಲುಗಳಿಗಾಗಿ ಕಡಿಯಲು ಅನುಮತಿ ದೊರೆತಾಗ, ಬೇರೆಡೆ ಸಸಿ ನೆಟ್ಟು ಪರಿಹಾರವೆಂದು ಲೆಕ್ಕ ಹಾಕುವುದಿದೆ. ಆ ಲೆಕ್ಕದಲ್ಲಿ ಗಿಡಗಳ ಸಂಖ್ಯೆ ಇರುತ್ತದೆ. ಎಲೆ ಕೊಳೆಯುವ ಕ್ರಮವಾಗಲಿ, ಕೆಸರಿನ ಪದರಗಳಾಗಲಿ, ಅಲ್ಲಿ ಕಾಲಾಂತರದಲ್ಲಿ ಏರ್ಪಟ್ಟ ಕೊಡುಕೊಳೆಗಳಾಗಲಿ ಇರುವುದಿಲ್ಲ. ಸಸಿಯನ್ನು ಒಂದು ದಿನದಲ್ಲಿ ನೆಡಬಹುದು. ಆ ಸಮುದಾಯವು ಮತ್ತೆ ಕೂಡಿಬರಲು ಕಾಲವೇ ಬೇಕು.