ರಾತ್ರಿ ರೈಲಿನಲ್ಲಿ ಬೈಸಿಕಲ್ ಸಾಗಣೆ: ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಿಗೆ ಬರುವ ಕುಟುಂಬಗಳಿಗೆ ಮಾಹಿತಿ

ಪೀಠಿಕೆ

1939ರಲ್ಲಿ ರಚನೆಯಾದ ಮಂಡ್ಯ ಜಿಲ್ಲೆಯು ಏಳು ತಾಲ್ಲೂಕುಗಳನ್ನು ಒಳಗೊಂಡಿದೆ. ಇವುಗಳ ಪೈಕಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಿಂದ ಉದ್ಯೋಗ ಹಾಗೂ ವಿದ್ಯಾಭ್ಯಾಸದ ನಿಮಿತ್ತ ಹುಬ್ಬಳ್ಳಿ, ಬಳ್ಳಾರಿ, ವಿಜಯಪುರ, ಚೆನ್ನೈ ಮುಂತಾದ ದೂರದ ನಗರಗಳಲ್ಲಿ ನೆಲೆಸಿದವರು ಯುಗಾದಿ, ಗೌರಿ-ಗಣೇಶ, ದೀಪಾವಳಿ ಹಾಗೂ ಬೇಸಿಗೆ ರಜೆಯ ಸಂದರ್ಭಗಳಲ್ಲಿ ಹುಟ್ಟೂರಿಗೆ ಬರುವುದು ವಾಡಿಕೆ. ಒಂದೇ ಪ್ರಯಾಣದಲ್ಲಿ ತಂದೆ-ತಾಯಿಯ ಮನೆ, ಹೆಣ್ಣುಕೊಟ್ಟ ಮನೆ, ಸೋದರಮಾವನ ಮನೆ ಹೀಗೆ ಎರಡು-ಮೂರು ಊರುಗಳನ್ನು ಕಂಡುಹೋಗುವವರೇ ಹೆಚ್ಚು. ಮುಖ್ಯರಸ್ತೆಯಿಂದ ಒಳಗಿರುವ ಗ್ರಾಮಗಳಿಗೆ ಬಸ್ಸುಗಳ ಸಂಖ್ಯೆ ಕಡಿಮೆ ಇರುವುದರಿಂದ ಕೆಲವರು ತಮ್ಮ ಬೈಸಿಕಲ್ಲುಗಳನ್ನು ರೈಲಿನಲ್ಲಿಯೇ ತರಲು ಬಯಸುತ್ತಾರೆ.

ಬೈಸಿಕಲ್ಲು ಪ್ರಯಾಣಿಕರ ಬೋಗಿಯಲ್ಲಿ ಬರುವುದಿಲ್ಲ. ಅದು ಅದೇ ರೈಲಿನ ಲಗೇಜ್ ಬೋಗಿಯಲ್ಲಿ, ಪ್ರತ್ಯೇಕ ರಸೀದಿಯ ಮೇಲೆ, ತನ್ನದೇ ನಿಯಮಗಳಿಗೆ ಒಳಪಟ್ಟು ಸಾಗುತ್ತದೆ. ಆದ್ದರಿಂದ ಮನೆಗೆ ಅತಿ ಸಮೀಪದ ನಿಲ್ದಾಣವು ಎಲ್ಲ ಸಂದರ್ಭಗಳಲ್ಲಿಯೂ ಬೈಸಿಕಲ್ಲಿಗೆ ಸೂಕ್ತವಾದ ನಿಲ್ದಾಣವಾಗಿರುವುದಿಲ್ಲ. ಈ ಅಂಶವನ್ನು ಗಮನದಲ್ಲಿಟ್ಟುಕೊಂಡು ಪ್ರಯಾಣವನ್ನು ಯೋಜಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ನಾಲ್ಕು ತಾಲ್ಲೂಕುಗಳ ರೈಲು ಸಂಪರ್ಕ

ಶ್ರೀರಂಗಪಟ್ಟಣ ಮತ್ತು ಪಾಂಡವಪುರ: ಇವೆರಡೂ ಬೆಂಗಳೂರು-ಮೈಸೂರು ಮಾರ್ಗದಲ್ಲಿವೆ. ಶ್ರೀರಂಗಪಟ್ಟಣದಲ್ಲಿ ರೈಲು ಹಳಿಯು ಕಾವೇರಿಯ ನಡುಗಡ್ಡೆಯಲ್ಲಿರುವ ಕೋಟೆಯ ಮೂಲಕವೇ ಹಾದುಹೋಗುತ್ತದೆ. ಜೋಡಿ ಹಳಿ ಕಾಮಗಾರಿಗೆ ಅಡ್ಡವಾಗಿದ್ದ ಟಿಪ್ಪು ಕಾಲದ ಮದ್ದಿನಮನೆಯನ್ನು 2017ರಲ್ಲಿ ಕೆಡವದೆ ಇಡಿಯಾಗಿ ಎತ್ತಿ ಬೇರೆಡೆಗೆ ಸ್ಥಳಾಂತರಿಸಲಾಯಿತು. ಹಿಂದೆ ಫ್ರೆಂಚ್ ರಾಕ್ಸ್ ಎಂದು ಕರೆಯಲಾಗುತ್ತಿದ್ದ ಪಾಂಡವಪುರದ ರೈಲು ನಿಲ್ದಾಣವು ಪಟ್ಟಣದಿಂದ ಕೆಲವು ಕಿಲೋಮೀಟರ್ ದೂರದಲ್ಲಿದೆ.

ಕೃಷ್ಣರಾಜಪೇಟೆ: ಪಟ್ಟಣಕ್ಕೆ ರೈಲು ನಿಲ್ದಾಣವಿಲ್ಲ. ಆದರೆ ಮೈಸೂರು-ಹಾಸನ-ಅರಸೀಕೆರೆ ಮಾರ್ಗದ ಅಕ್ಕಿಹೆಬ್ಬಾಳು ಮತ್ತು ಮಂದಗೆರೆ ನಿಲ್ದಾಣಗಳು ಈ ತಾಲ್ಲೂಕಿನಲ್ಲಿವೆ. ತಾಲ್ಲೂಕಿನ ಉತ್ತರ ಭಾಗದ ಕಿಕ್ಕೇರಿ ಕಡೆಯವರಿಗೆ ಹಾಸನ ಜಿಲ್ಲೆಯ ಶ್ರವಣಬೆಳಗೊಳ ನಿಲ್ದಾಣವು ಹತ್ತಿರವಾಗುತ್ತದೆ.

ನಾಗಮಂಗಲ: ತಾಲ್ಲೂಕು ಕೇಂದ್ರಕ್ಕೆ ರೈಲು ಸಂಪರ್ಕವಿಲ್ಲ. ಕುಣಿಗಲ್ ಮೂಲಕ ಹಾದುಹೋಗುವ, 2017ರಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆದ ಬೆಂಗಳೂರು-ಹಾಸನ ಮಾರ್ಗದಲ್ಲಿ ಬೆಳ್ಳೂರು ಕ್ರಾಸ್ ಬಳಿಯ ಬಿ.ಜಿ. ನಗರ ನಿಲ್ದಾಣವು ಈ ತಾಲ್ಲೂಕಿಗೆ ಸೇವೆ ಒದಗಿಸುತ್ತದೆ.

ಉತ್ತರ ಕರ್ನಾಟಕದಿಂದ ಹಂಪಿ ಎಕ್ಸ್‌ಪ್ರೆಸ್, ಗೋಳಗುಮ್ಮಟ ಎಕ್ಸ್‌ಪ್ರೆಸ್ ಮತ್ತು ಬಸವ ಎಕ್ಸ್‌ಪ್ರೆಸ್, ಚೆನ್ನೈನಿಂದ ಕಾವೇರಿ ಎಕ್ಸ್‌ಪ್ರೆಸ್ ರಾತ್ರಿಯಿಡೀ ಸಂಚರಿಸಿ ಬೆಂಗಳೂರು ಮಾರ್ಗವಾಗಿ ಮೈಸೂರನ್ನು ತಲುಪುತ್ತವೆ. ವೇಳಾಪಟ್ಟಿ ಹಾಗೂ ನಿಲುಗಡೆಗಳು ಕಾಲಕಾಲಕ್ಕೆ ಬದಲಾಗುವುದರಿಂದ ಪ್ರಯಾಣಕ್ಕೆ ಮುನ್ನ ರೈಲ್ವೆ ಸಹಾಯವಾಣಿ 139ರಲ್ಲಿ ಖಚಿತಪಡಿಸಿಕೊಳ್ಳುವುದು ಅವಶ್ಯಕ.

ಲಗೇಜ್ ಮತ್ತು ಪಾರ್ಸೆಲ್: ವ್ಯತ್ಯಾಸವೇನು?

ಬೈಸಿಕಲ್ಲನ್ನು ಎರಡು ವಿಧದಲ್ಲಿ ಕಳುಹಿಸಬಹುದು. ಮೊದಲನೆಯದು ಲಗೇಜ್. ಇದಕ್ಕೆ ಪ್ರಯಾಣದ ಟಿಕೆಟ್ ಇರಲೇಬೇಕು. ಬೈಸಿಕಲ್ಲನ್ನು ಪ್ರಯಾಣಿಕರು ಹೋಗುವ ರೈಲಿಗೇ ಬುಕ್ ಮಾಡಲಾಗುತ್ತದೆ. ಎರಡನೆಯದು ಪಾರ್ಸೆಲ್. ಇದಕ್ಕೆ ಟಿಕೆಟ್ ಬೇಕಾಗಿಲ್ಲ. ಆದರೆ ಸ್ಥಳಾವಕಾಶವನ್ನು ನೋಡಿಕೊಂಡು ಮುಂದಿನ ರೈಲಿನಲ್ಲಿ ಅಥವಾ ಮರುದಿನ ಕಳುಹಿಸುವ ಸಂಭವವಿದೆ. ಮೂರು-ನಾಲ್ಕು ದಿನಗಳ ರಜೆಯಲ್ಲಿ ಬರುವವರಿಗೆ ಬೈಸಿಕಲ್ಲು ಒಂದು ದಿನ ತಡವಾದರೆ ಇಡೀ ಯೋಜನೆಯೇ ವ್ಯರ್ಥವಾಗುವುದರಿಂದ ಲಗೇಜ್ ವಿಧಾನವೇ ಸೂಕ್ತ.

ಸ್ಲೀಪರ್ ದರ್ಜೆಯ ಪ್ರಯಾಣಿಕರಿಗೆ 40 ಕೆ.ಜಿ., ಎರಡನೇ ದರ್ಜೆಯವರಿಗೆ 35 ಕೆ.ಜಿ. ಉಚಿತ ಲಗೇಜಿನ ಮಿತಿ ಇದೆ. ಈ ರಿಯಾಯಿತಿಯು ಬೈಸಿಕಲ್, ಸ್ಕೂಟರ್ ಮುಂತಾದವುಗಳಿಗೆ ಅನ್ವಯಿಸುವುದಿಲ್ಲ. ಕೈಯಲ್ಲಿ ಬೇರೆ ಸಾಮಾನು ಇಲ್ಲದಿದ್ದರೂ ಬೈಸಿಕಲ್ಲಿಗೆ ನಿಗದಿತ ಶುಲ್ಕ ತೆರಲೇಬೇಕು. ಶುಲ್ಕ ಪಾವತಿಸದೆ ಬೋಗಿಯೊಳಗೆ ಇಟ್ಟುಕೊಂಡು ತಪಾಸಣೆಯಲ್ಲಿ ಕಂಡುಬಂದಲ್ಲಿ ಲಗೇಜ್ ದರದ ಹಲವು ಪಟ್ಟು ದಂಡ ವಿಧಿಸಲಾಗುತ್ತದೆ. ಬೋಗಿಯ ಬಾಗಿಲಲ್ಲಿ ನಿಲ್ಲಿಸುವುದರಿಂದ ಇತರರ ಸಂಚಾರಕ್ಕೂ ತಡೆಯಾಗುತ್ತದೆ. ಕಿಟಕಿಯ ಸರಳಿಗೆ ಹೊರಗಡೆ ಕಟ್ಟಿಕೊಂಡು ಹೋಗುವುದು ಪ್ರಾಣಾಪಾಯಕ್ಕೆ ದಾರಿಯಾಗುತ್ತದೆ.

ಬುಕ್ ಮಾಡುವ ವಿಧಾನ

1. ರೈಲು ಹೊರಡುವುದಕ್ಕೆ ಕನಿಷ್ಠ 30 ನಿಮಿಷ ಮುಂಚಿತವಾಗಿ ಲಗೇಜ್ ಕಚೇರಿಗೆ ಬೈಸಿಕಲ್ಲನ್ನು ಒಪ್ಪಿಸಬೇಕು. ಹಬ್ಬದ ದಿನಗಳಲ್ಲಿ ಒಂದೂವರೆಯಿಂದ ಎರಡು ಗಂಟೆ ಮುಂಚಿತವಾಗಿ ಬರುವುದು ಕ್ಷೇಮ. ಅನೇಕ ರೈಲುಗಳ ಬ್ರೇಕ್ ವ್ಯಾನಿನ ಒಂದು ಭಾಗವನ್ನು ಗುತ್ತಿಗೆಗೆ ಕೊಡಲಾಗಿರುತ್ತದೆಯಾದ್ದರಿಂದ ಉಳಿದ ಸ್ಥಳ ಸೀಮಿತವಾಗಿರುತ್ತದೆ.

2. ಪ್ರಯಾಣದ ಟಿಕೆಟ್, ಗುರುತಿನ ಚೀಟಿ ಮತ್ತು ಅದರ ಪ್ರತಿಯನ್ನು ಜೊತೆಗೆ ತರಬೇಕು. ಬೈಸಿಕಲ್ ಖರೀದಿಯ ರಸೀದಿ ಇದ್ದಲ್ಲಿ ಅದರ ಪ್ರತಿಯನ್ನೂ, ಇಲ್ಲದಿದ್ದಲ್ಲಿ ಚೌಕಟ್ಟಿನ ಮೇಲೆ ಅಚ್ಚೊತ್ತಿರುವ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳತಕ್ಕದ್ದು.

3. ಪೆಡಲುಗಳನ್ನು ಬಿಚ್ಚಿ, ಹ್ಯಾಂಡಲನ್ನು ಚೌಕಟ್ಟಿಗೆ ಸಮಾನಾಂತರವಾಗಿ ತಿರುಗಿಸಿ, ಚೈನು ಮತ್ತು ಗೇರಿನ ಭಾಗಕ್ಕೆ ರಟ್ಟು ಸುತ್ತಿ, ಇಡೀ ಬೈಸಿಕಲ್ಲಿಗೆ ಗೋಣಿತಟ್ಟು ಹೊದಿಸಿ ಹುರಿಯಿಂದ ಬಿಗಿಯಬೇಕು. ಗಂಟೆ, ದೀಪ, ಪಂಪು, ನೀರಿನ ಬಾಟಲಿ ಮುಂತಾದ ಬಿಡಿಭಾಗಗಳನ್ನು ಕೈಚೀಲದಲ್ಲಿ ಇಟ್ಟುಕೊಳ್ಳಬೇಕು.

4. ಹೆಸರು, ದೂರವಾಣಿ ಸಂಖ್ಯೆ, ಹೊರಡುವ ಹಾಗೂ ತಲುಪುವ ನಿಲ್ದಾಣಗಳನ್ನು ಬರೆದ ಎರಡು ಚೀಟಿಗಳನ್ನು ಬೇರೆ ಬೇರೆ ಕಡೆ ಕಟ್ಟಬೇಕು. ಒಂದು ಹರಿದುಹೋದರೂ ಇನ್ನೊಂದು ಉಳಿಯುತ್ತದೆ. ಮಕ್ಕಳ ಬೈಸಿಕಲ್ಲುಗಳಿದ್ದಲ್ಲಿ ಪ್ರತಿಯೊಂದಕ್ಕೂ ಚೀಟಿ ಪ್ರತ್ಯೇಕವಾಗಿರಬೇಕು.

5. ರಸೀದಿಯಲ್ಲಿ ತಲುಪುವ ನಿಲ್ದಾಣ, ಬೈಸಿಕಲ್ಲುಗಳ ಸಂಖ್ಯೆ ಮತ್ತು ತೂಕ ಸರಿಯಾಗಿರುವುದನ್ನು ಕೌಂಟರಿನಲ್ಲಿಯೇ ಪರಿಶೀಲಿಸಬೇಕು. ಮೂಲ ರಸೀದಿ ಇಲ್ಲದೆ ಬೈಸಿಕಲ್ಲನ್ನು ಬಿಡಿಸಿಕೊಳ್ಳುವುದು ಕಷ್ಟಸಾಧ್ಯ.

6. ರೈಲು ತಲುಪಿದ ನಂತರ ಮೊದಲು ಬ್ರೇಕ್ ವ್ಯಾನಿನ ಬಳಿ, ಅಲ್ಲಿ ಸಿಗದಿದ್ದರೆ ಪಾರ್ಸೆಲ್ ಕಚೇರಿಯಲ್ಲಿ ವಿಚಾರಿಸಿ ಅಂದೇ ಬಿಡಿಸಿಕೊಳ್ಳಬೇಕು. ನಿಗದಿತ ಅವಧಿ ಮೀರಿದರೆ ನಿಲುಗಡೆ ಶುಲ್ಕ ಸೇರುತ್ತದೆ.

ಮೌಲ್ಯ ಘೋಷಣೆಯ ಮಹತ್ವ

ದುಡಿಯುವ ಕುಟುಂಬಗಳಿಗೆ ಬೈಸಿಕಲ್ಲು ದಿನನಿತ್ಯದ ಸಂಪಾದನೆಯ ಸಾಧನ. ಮಕ್ಕಳಿಗೆ ಶಾಲೆಯ ದಾರಿ. ಅದು ಕಳೆದುಹೋದಲ್ಲಿ ದೊರೆಯುವ ಪರಿಹಾರವೆಷ್ಟು ಎಂಬುದನ್ನು ಮುಂಚಿತವಾಗಿ ತಿಳಿದಿರುವುದು ಅಗತ್ಯ.

ರಸೀದಿ ಪಡೆದು ಬುಕ್ ಮಾಡಿದ ಲಗೇಜಿಗೆ ಮಾತ್ರ ರೈಲ್ವೆಯ ಸಾಮಾನ್ಯ ಹೊಣೆಗಾರಿಕೆ ಇರುತ್ತದೆ. ಪ್ರಯಾಣಿಕರು ತಮ್ಮೊಂದಿಗೆ ಇಟ್ಟುಕೊಂಡ ಸಾಮಾನು ಕಳೆದುಹೋದರೆ ರೈಲ್ವೆ ಸಿಬ್ಬಂದಿಯ ನಿರ್ಲಕ್ಷ್ಯವನ್ನು ರುಜುವಾತುಪಡಿಸಬೇಕಾಗುತ್ತದೆ. ಬುಕ್ ಮಾಡಿದ್ದರೂ ಮೌಲ್ಯವನ್ನು ಘೋಷಿಸದಿದ್ದಲ್ಲಿ, 1990ರ ನಿಯಮಗಳ ಪ್ರಕಾರ ಲಗೇಜಿನ ಪರಿಹಾರವು ಕೆ.ಜಿ.ಗೆ 100 ರೂಪಾಯಿಗೆ ಸೀಮಿತವಾಗುತ್ತದೆ. ಇದರಂತೆ 18 ಕೆ.ಜಿ. ತೂಕದ ಬೈಸಿಕಲ್ಲಿಗೆ ಗರಿಷ್ಠ 1,800 ರೂಪಾಯಿ ಮಾತ್ರ ದೊರೆಯುತ್ತದೆ. ಅದರ ಬೆಲೆ 6,000 ರೂಪಾಯಿ ಇದ್ದರೂ ಅಷ್ಟೇ. ಬುಕ್ ಮಾಡುವಾಗಲೇ ಮೌಲ್ಯವನ್ನು ಲಿಖಿತವಾಗಿ ಘೋಷಿಸಿ ಅದರ ಮೇಲಿನ ಶೇಕಡಾವಾರು ಶುಲ್ಕ ಪಾವತಿಸಿದಲ್ಲಿ ಈ ಮಿತಿಯು ಘೋಷಿತ ಮೌಲ್ಯದವರೆಗೆ ಹೆಚ್ಚುತ್ತದೆ.

ನಷ್ಟ ಸಂಭವಿಸಿದಲ್ಲಿ 1989ರ ರೈಲ್ವೆ ಕಾಯ್ದೆಯನ್ವಯ ಆರು ತಿಂಗಳೊಳಗಾಗಿ ರೈಲ್ವೆ ಆಡಳಿತಕ್ಕೆ ಲಿಖಿತ ನೋಟಿಸು ನೀಡತಕ್ಕದ್ದು.

ಯಾವ ನಿಲ್ದಾಣಕ್ಕೆ ಬುಕ್ ಮಾಡಬೇಕು?

ಸಣ್ಣ ನಿಲ್ದಾಣಗಳಲ್ಲಿ ಎಕ್ಸ್‌ಪ್ರೆಸ್ ರೈಲುಗಳು ನಿಂತರೂ ಒಂದೆರಡು ನಿಮಿಷ ಮಾತ್ರ. ಬ್ರೇಕ್ ವ್ಯಾನಿನಲ್ಲಿ ಇತರ ಮೂಟೆಗಳ ಹಿಂದೆ ಸಿಲುಕಿರುವ ಬೈಸಿಕಲ್ಲನ್ನು ಅಷ್ಟರಲ್ಲಿ ಇಳಿಸಲಾಗದೆ ಅದು ಮುಂದಿನ ನಿಲ್ದಾಣಕ್ಕೆ ಹೋಗಿಬಿಡುವ ಸಂಭವವಿರುತ್ತದೆ. ಎಲ್ಲ ನಿಲ್ದಾಣಗಳಲ್ಲಿ ಲಗೇಜ್ ಬುಕಿಂಗ್ ಸೌಲಭ್ಯವೂ ಇರುವುದಿಲ್ಲ. ರೈಲಿನ ಕೊನೆಯ ನಿಲ್ದಾಣದಲ್ಲಿ ಈ ತೊಂದರೆಯಿಲ್ಲ. ಆದ್ದರಿಂದ ಮೇಲೆ ಹೇಳಿದ ರಾತ್ರಿ ರೈಲುಗಳಲ್ಲಿ ಬರುವವರು ಟಿಕೆಟ್ಟನ್ನೂ ಲಗೇಜನ್ನೂ ಮೈಸೂರಿಗೆ ಪಡೆಯುವುದು ಉತ್ತಮ. ಶ್ರೀರಂಗಪಟ್ಟಣವು ಮೈಸೂರಿನಿಂದ ಸುಮಾರು 15 ಕಿ.ಮೀ. ದೂರದಲ್ಲಿದೆ.

ದಾರಿಯಲ್ಲಿ ರೈಲು ಬದಲಿಸುವುದನ್ನೂ ಆದಷ್ಟು ತಪ್ಪಿಸಬೇಕು. ಬೆಂಗಳೂರಿನಲ್ಲಿ ಇಳಿದು ಬೇರೆ ರೈಲು ಹಿಡಿಯುವವರು ಬೈಸಿಕಲ್ಲನ್ನು ಬಿಡಿಸಿಕೊಂಡು ಮತ್ತೊಮ್ಮೆ ಬುಕ್ ಮಾಡಬೇಕಾಗುತ್ತದೆ; ಎರಡು ರೈಲುಗಳು ಬೇರೆ ಬೇರೆ ನಿಲ್ದಾಣಗಳಿಂದ ಹೊರಡುವುದಾದರೆ ನಗರವನ್ನೂ ದಾಟಬೇಕಾಗುತ್ತದೆ.

ಊರುಗಳನ್ನು ನೋಡುವ ಅನುಕ್ರಮ: ಒಂದು ಉದಾಹರಣೆ

ಹುಬ್ಬಳ್ಳಿಯಲ್ಲಿರುವ ಒಂದು ಕುಟುಂಬಕ್ಕೆ ಪಾಂಡವಪುರದಲ್ಲಿ ತಂದೆ-ತಾಯಿ, ನಾಗಮಂಗಲದಲ್ಲಿ ಅಕ್ಕ-ಭಾವ ಇದ್ದಾರೆ ಎಂದು ಭಾವಿಸೋಣ. ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಸುಮಾರು 11 ಕಿ.ಮೀ., ಅಲ್ಲಿಂದ ನಾಗಮಂಗಲಕ್ಕೆ ಸುಮಾರು 40 ಕಿ.ಮೀ. ಈ ಮೂರೂ ಪಟ್ಟಣಗಳು ರಾಷ್ಟ್ರೀಯ ಹೆದ್ದಾರಿ 150ಎ ಮೇಲೆಯೇ ಇವೆ.

ಮೊದಲು ತಂದೆ-ತಾಯಿಯ ಮನೆಯಲ್ಲಿ ರಜೆಯ ಬಹುಭಾಗ ಕಳೆದು, ಕೊನೆಗೆ ನಾಗಮಂಗಲಕ್ಕೆ ಹೋಗಿ ಅಲ್ಲಿಂದಲೇ ಮರಳುವುದು ಸಹಜವಾಗಿ ತೋರುತ್ತದೆ. ಆದರೆ ಹಾಗೆ ಮಾಡಿದಲ್ಲಿ, ರೈಲು ಹಿಡಿಯಬೇಕಾದ ದಿನವೇ ಮೈಸೂರಿಗೆ 65 ಕಿ.ಮೀ.ಗೂ ಹೆಚ್ಚು ದೂರ ತುಳಿಯಬೇಕಾಗುತ್ತದೆ. ಸುಮಾರು 20 ಕಿ.ಮೀ. ದೂರದ ಬಿ.ಜಿ. ನಗರದಿಂದ ಹೊರಟರೆ ಬೆಂಗಳೂರಿನಲ್ಲಿ ರೈಲು ಬದಲಿಸಬೇಕಾಗುತ್ತದೆ.

ಇದರ ಬದಲು ಬೆಳಿಗ್ಗೆ ಮೈಸೂರಿನಲ್ಲಿಳಿದು, ಪಾಂಡವಪುರದಲ್ಲಿ ಒಂದು ರಾತ್ರಿ ತಂಗಿ, ಮರುದಿನ ನಾಗಮಂಗಲಕ್ಕೆ ಹೋಗಿಬರುವುದು. ಉಳಿದ ದಿನಗಳನ್ನು ಹಿರಿಯರೊಂದಿಗೆ ಕಳೆದು ಅಲ್ಲಿಂದಲೇ ರೈಲಿಗೆ ಹೊರಡುವುದು ಮೇಲು. ಕೊನೆಯ ದಿನದ ದಾರಿ ಸುಮಾರು 26 ಕಿ.ಮೀ. ಮಾತ್ರ ಉಳಿಯುತ್ತದೆ. ಚಕ್ರ ಪಂಕ್ಚರ್ ಆದರೂ, ಮಳೆ ಬಂದರೂ ಸಮಯವಿರುತ್ತದೆ. ಬೀಳ್ಕೊಡುವ ಹೊತ್ತಿನಲ್ಲಿ ಹಿರಿಯರಿಗೆ ಆತಂಕವಿರುವುದಿಲ್ಲ. ದೂರದ ಮನೆ ಮೊದಲು, ನಿಲ್ದಾಣಕ್ಕೆ ಹತ್ತಿರದ ಮನೆ ಕೊನೆಗೆ ಎಂಬ ಈ ಕ್ರಮವನ್ನು ಚಿನಕುರಳಿ ಮಾರ್ಗವಾಗಿ ಕೃಷ್ಣರಾಜಪೇಟೆಗೆ ಹೋಗುವವರೂ ಅನುಸರಿಸಬಹುದು.

ರಸ್ತೆಯಲ್ಲಿ ವಹಿಸಬೇಕಾದ ಎಚ್ಚರಿಕೆ

ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ಮೋಟಾರು ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರ್ ಹಾಗೂ ಮೋಟಾರುರಹಿತ ವಾಹನಗಳ ಸಂಚಾರವನ್ನು 2023ರ ಆಗಸ್ಟ್ 1ರಿಂದ ನಿಷೇಧಿಸಲಾಗಿದೆ. ಮೈಸೂರು ಅಥವಾ ಮಂಡ್ಯದಿಂದ ಶ್ರೀರಂಗಪಟ್ಟಣಕ್ಕೆ ಬರುವ ಬೈಸಿಕಲ್ ಸವಾರರು ಸರ್ವಿಸ್ ರಸ್ತೆ ಹಾಗೂ ಊರೊಳಗಿನ ಹಳೆಯ ರಸ್ತೆಗಳನ್ನೇ ಬಳಸಬೇಕು.

ವಿಶ್ವೇಶ್ವರಯ್ಯ ನಾಲೆ ಹಾಗೂ ಅದರ ಕವಲುಗಳ ಪಕ್ಕದ ರಸ್ತೆಗಳಲ್ಲಿ ವಿಶೇಷ ಜಾಗ್ರತೆ ಅಗತ್ಯ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ಈ ನಾಲೆಗೆ ಉರುಳಿ 30 ಮಂದಿ ಮೃತಪಟ್ಟರು. ಅವರಲ್ಲಿ ಶಾಲಾ ಮಕ್ಕಳೂ ಇದ್ದರು. ನಾಲೆ ಏರಿಯ ಮೇಲೆ ಮಕ್ಕಳನ್ನು ಮುಂದೆ ಬಿಡದೆ, ನೀರಿನ ಕಡೆಗೆ ದೊಡ್ಡವರು ಇರುವಂತೆ ಸಾಗಬೇಕು. ಕಬ್ಬು ಕಟಾವಿನ ಕಾಲದಲ್ಲಿ ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರ್ ಮತ್ತು ಎತ್ತಿನ ಗಾಡಿಗಳು ಮುಸ್ಸಂಜೆಯಲ್ಲಿ ಕಾಣದಿರುವ ಅಪಾಯವಿರುವುದರಿಂದ ಹಗಲಿನಲ್ಲೇ ಊರು ಸೇರುವುದು ಒಳ್ಳೆಯದು. ಪಾಂಡವಪುರದ ನೀರಾವರಿ ಬಯಲು ದಾಟಿ ನಾಗಮಂಗಲದ ಕಡೆಗೆ ಸಾಗಿದಂತೆ ನೆರಳೂ ನೀರೂ ವಿರಳವಾಗುತ್ತವೆ. ಬೇಸಿಗೆಯಲ್ಲಿ ಬೆಳಗಿನ ಹೊತ್ತಿನಲ್ಲೇ ಈ ಭಾಗವನ್ನು ಕ್ರಮಿಸಬೇಕು. ಮೇಲುಕೋಟೆ ಮಾರ್ಗವು ಬೆಟ್ಟದ ಏರನ್ನು ಹೊಂದಿದ್ದು ಮಕ್ಕಳಿರುವ ಕುಟುಂಬಗಳಿಗೆ ಅನುಕೂಲಕರವಲ್ಲ.

ಮರಳುವ ಪ್ರಯಾಣ

ಊರಿನಿಂದ ಹೊರಡುವಾಗ ಬೆಲ್ಲ, ತೆಂಗಿನಕಾಯಿ, ರಾಗಿ ಹಿಟ್ಟಿನ ಗಂಟುಗಳು ಜೊತೆಗೂಡುವುದು ಸಾಮಾನ್ಯ. ಇವುಗಳನ್ನು ಬೈಸಿಕಲ್ಲಿನ ಕ್ಯಾರಿಯರಿಗೆ ಕಟ್ಟಿದಂತೆಯೇ ಲಗೇಜ್ ಕಚೇರಿಗೆ ಒಪ್ಪಿಸಬಾರದು. ಉಚಿತ ಮಿತಿಯೊಳಗಿನ ಕೈಸಾಮಾನಾಗಿ ಬೋಗಿಯಲ್ಲಿ ಇಟ್ಟುಕೊಂಡರೆ ಸಾಮಾನೂ ಸುರಕ್ಷಿತ, ಬೈಸಿಕಲ್ಲಿನ ತೂಕವೂ ಹೆಚ್ಚುವುದಿಲ್ಲ. ಬಂದಾಗ ಬಿಚ್ಚಿದ ಗೋಣಿತಟ್ಟು, ರಟ್ಟು ಮತ್ತು ಹುರಿಯನ್ನು ಎಸೆಯದೆ ಮರಳುವ ದಿನಕ್ಕೆ ತೆಗೆದಿರಿಸಿಕೊಳ್ಳಬೇಕು.

ಒಂದೇ ಊರಿಗೆ ಬಂದು ಹೋಗುವವರಿಗೆ ಅಥವಾ ಬಂಧುಗಳ ಮನೆಯಲ್ಲಿಯೇ ಬೈಸಿಕಲ್ಲು ದೊರೆಯುವವರಿಗೆ ಇಷ್ಟು ಶ್ರಮದ ಅಗತ್ಯವಿಲ್ಲ. ಎರಡು-ಮೂರು ಊರುಗಳ ಬಂಧುಗಳನ್ನು ಬಸ್ಸಿನ ವೇಳೆಗೆ ಕಾಯದೆ ಕಾಣಬಯಸುವವರು ಮೇಲ್ಕಂಡ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬಹುದಾಗಿದೆ. ಶುಲ್ಕ, ನಿಲುಗಡೆ ಹಾಗೂ ಲಗೇಜ್ ಸೌಲಭ್ಯಗಳ ಬಗ್ಗೆ ಹೊರಡುವ ನಿಲ್ದಾಣದ ಲಗೇಜ್ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳಲು ಸಾರ್ವಜನಿಕರನ್ನು ಕೋರಲಾಗಿದೆ.